ದಿನಬಳಕೆಗೆ ಕಡಿಮೆ ಖರ್ಚಿನ ಡೆಸ್ಕ್‌ಟಾಪ್: ಬಿಡಿಭಾಗಗಳ ಆಯ್ಕೆ, ಜೋಡಣೆ, ಮೊದಲ ಬೂಟ್

ಪ್ರೊಸೆಸರ್ ಯಾವುದಿರಬೇಕು ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡವರೂ ಪವರ್ ಸಪ್ಲೈ ಮಾತು ಬಂದಾಗ ‘ಕ್ಯಾಬಿನೆಟ್ ಜೊತೆ ಬಂದದ್ದೇ ಇರಲಿ’ ಎಂದುಬಿಡುತ್ತಾರೆ. ಆಗಬೇಕಾದದ್ದು ಇದಕ್ಕೆ ಉಲ್ಟಾ. ಬ್ರೌಸರ್, ಪತ್ರ, ಸ್ಪ್ರೆಡ್‌ಶೀಟ್, ವಿಡಿಯೊ ಕರೆ, ಮಕ್ಕಳ ಪಾಠ, ಸಿನಿಮಾ ಇಷ್ಟಕ್ಕೆ ಇತ್ತೀಚಿನ ಯಾವ ನಾಲ್ಕು ಕೋರ್‌ನ ಪ್ರೊಸೆಸರ್ ಆದರೂ ನಡೆಯುತ್ತದೆ. ಇಂಥ ಯಂತ್ರ ಬೇಗ ಕೈಕೊಟ್ಟಿತು, ಇಲ್ಲವೇ ಹೊಸದರಲ್ಲೇ ತೆವಳಿತು ಎಂದರೆ ಕಾರಣ ಹೆಚ್ಚಾಗಿ ಬೇರೆ ಕಡೆ ಇರುತ್ತದೆ: ಕಳಪೆ ಪವರ್ ಸಪ್ಲೈ, ಸಾಲದ ರ‍್ಯಾಮ್, ಅಗ್ಗದ ಎಸ್‌ಎಸ್‌ಡಿ (ಫೈಲುಗಳನ್ನು ಚಿಪ್‌ನಲ್ಲಿ ಕೂಡಿಡುವ ಡಿಸ್ಕ್), ವಿವರಪಟ್ಟಿ ಓದದೇ ಕೊಂಡ ಮದರ್‌ಬೋರ್ಡ್. ಈ ಬರಹ ಹೆಚ್ಚು ಹೊತ್ತು ನಿಲ್ಲುವುದೂ ಅವುಗಳ ಬಳಿಯೇ.

ಈ ಜೋಡಣೆಗೆ ಆರಿಸಿದ ಭಾಗಗಳು ಹೀಗಿವೆ (ಹೆಸರುಗಳ ಅರ್ಥ ಮುಂದೆ ಆಯಾ ಭಾಗದಲ್ಲಿ ಬರುತ್ತದೆ): ಇಂಟೆಲ್ ಕೋರ್ ಐ3-12100, ಡಿಡಿಆರ್4 ಸ್ಲಾಟ್ ಇರುವ ಎಚ್610 ಮೈಕ್ರೊ ಎಟಿಎಕ್ಸ್ ಬೋರ್ಡ್, 8 ಜಿಬಿಯ ಎರಡು ಡಿಡಿಆರ್4-3200 ಸ್ಟಿಕ್, 500 ಜಿಬಿಯ ಟಿಎಲ್‌ಸಿ ಎನ್‌ವಿಎಂಇ ಎಸ್‌ಎಸ್‌ಡಿ, 450 ವ್ಯಾಟ್‌ನ 80 ಪ್ಲಸ್ ಬ್ರಾಂಜ್ ಪವರ್ ಸಪ್ಲೈ, ಮುಂಭಾಗದಲ್ಲಿ ಜಾಲರಿ ಇರುವ ಕ್ಯಾಬಿನೆಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಪ್ರೊಸೆಸರ್

ಮೊದಲ ತೀರ್ಮಾನ ಒಂದೇ: ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇರಬೇಕು. ಇಂಟೆಲ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಒಳಗೆ ಬಳಸಬಹುದಾದ ಗ್ರಾಫಿಕ್ಸ್ ಇಲ್ಲ ಎಂದರ್ಥ. 12100ಎಫ್ ಸ್ವಲ್ಪ ಅಗ್ಗ ಎಂದು ಕೊಂಡು ತಂದು, ಬೋರ್ಡಿನ ಎಚ್‌ಡಿಎಂಐಗೆ ಕೇಬಲ್ ಚುಚ್ಚಿ, ಕಪ್ಪು ಪರದೆ ನೋಡಿಕೊಂಡು ಕೂರುವವರು ಇಂದಿಗೂ ಇದ್ದಾರೆ. ಎಎಂಡಿಯ ಎಎಂ4 ಸಾಕೆಟ್‌ನ ಪ್ರೊಸೆಸರ್ ಸಾಲಿನಲ್ಲಿ ಲೆಕ್ಕ ತಿರುಗಾಮುರುಗಾ: ಅಲ್ಲಿ ‘ಜಿ’ ಇದ್ದರೆ ಮಾತ್ರ ಗ್ರಾಫಿಕ್ಸ್ ಇದೆ. ರೈಜನ್ 5 5600ಜಿಯಲ್ಲಿ ಇದೆ, 5500ರಲ್ಲಿ ಇಲ್ಲ.

ಪೈಪೋಟಿ ಇರುವುದು 12100 ಮತ್ತು 5600ಜಿ ನಡುವೆ. 5600ಜಿಗೆ 6 ಕೋರ್, 12 ಥ್ರೆಡ್ (ಒಟ್ಟಿಗೇ ನಡೆಸಬಲ್ಲ ಕೆಲಸದ ಎಳೆ). ಅದರ ವೇಗಾ ಗ್ರಾಫಿಕ್ಸ್ ಹಗುರ ಆಟಗಳಿಗೆ 12100 ಒಳಗಿನ ಯುಎಚ್‌ಡಿ 730ಕ್ಕಿಂತ ಖಂಡಿತ ಮೇಲು. 12100ಕ್ಕೆ 4 ಕೋರ್, 8 ಥ್ರೆಡ್. ಆದರೂ ಇಲ್ಲಿ 12100 ಗೆದ್ದದ್ದಕ್ಕೆ ಕಾರಣ ವಿಡಿಯೊ. ಈಗ ಅಂತರ್ಜಾಲದ ವಿಡಿಯೊಗಳಲ್ಲಿ ಸಾಕಷ್ಟು ಪಾಲು ಎವಿ1 ಎಂಬ ಸಂಕುಚಿತ ರೂಪದಲ್ಲಿ ಬರುತ್ತದೆ. ಯುಎಚ್‌ಡಿ 730 ಅದನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ. 5600ಜಿಯ ವೇಗಾಕ್ಕೆ ಎವಿ1 ಬರುವುದಿಲ್ಲ, ಕೋರ್‌ಗಳೇ ಆ ಕೆಲಸ ಹೊರಬೇಕು. 1080ಪಿಯಲ್ಲಿ ತೊಂದರೆ ಕಾಣದಿದ್ದರೂ ಫ್ಯಾನ್ ಸದ್ದು ಏರುತ್ತದೆ, ಕರೆಂಟೂ ಹೆಚ್ಚು ಹೋಗುತ್ತದೆ. ಮನೆಯಲ್ಲಿ ಆಟವೇ ಮುಖ್ಯ, ಕಾರ್ಡ್ ಕೊಳ್ಳುವ ಯೋಚನೆ ಇಲ್ಲ ಎನ್ನುವವರು 5600ಜಿಯನ್ನೇ ತೆಗೆದುಕೊಳ್ಳಲಿ. ಆದರೆ ಮುಂದೆ ಕಾರ್ಡ್ ಹಾಕುವುದಾದರೆ ಒಂದು ವಿಷಯ ನೆನಪಿರಲಿ: 5600ಜಿ ಕೊಡುವುದು ಪಿಸಿಐಇ (ಕಾರ್ಡ್, ಎಸ್‌ಎಸ್‌ಡಿಗಳಿಗೆ ದತ್ತಾಂಶ ಸಾಗುವ ದಾರಿ) 3.0 ಮಾತ್ರ. ಆರ್‌ಎಕ್ಸ್ 6400ರಂಥ ನಾಲ್ಕೇ ಲೇನ್ (ಆ ದಾರಿಯ ಸಾಲು) ಇರುವ ಅಗ್ಗದ ಕಾರ್ಡ್‌ಗಳು ಅದರ ಮೇಲೆ ಏದುಸಿರು ಬಿಡುತ್ತವೆ.

ಕೋರ್ ಐ3-14100 ಸಿಕ್ಕರೂ ನಡೆಯುತ್ತದೆ. ಅದೂ 4 ಕೋರ್, 8 ಥ್ರೆಡ್, ಅದೇ ಯುಎಚ್‌ಡಿ 730. ಗಡಿಯಾರದ ವೇಗ ಸ್ವಲ್ಪ ಹೆಚ್ಚು. ಹಳೆಯ ಸ್ಟಾಕ್‌ನ ಎಚ್610 ಬೋರ್ಡ್ ಬಯೋಸ್ (ಬೋರ್ಡನ್ನು ಶುರು ಮಾಡುವ ಒಳಗಿನ ತಂತ್ರಾಂಶ) ಅಪ್‌ಡೇಟ್ ಇಲ್ಲದೆ ಅದನ್ನು ಗುರುತಿಸದಿರಬಹುದು. 12100ಕ್ಕೆ ಆ ಗೋಜಿಲ್ಲ. ಎಚ್610 ಬಂದದ್ದೇ ಆ ಪೀಳಿಗೆಯ ಜೊತೆ.

ಹಳೆಯ ಕಚೇರಿ ಕಂಪ್ಯೂಟರ್ ತಂದು ಸರಿಮಾಡಿಕೊಳ್ಳುವುದು ಕೆಟ್ಟ ದಾರಿಯಲ್ಲ. ಆದರೆ ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಸಾಮಾನ್ಯವಾಗಿ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. 6ನೇ, 7ನೇ ಪೀಳಿಗೆಯ ಐ5 ಅಗ್ಗಕ್ಕೆ ಸಿಕ್ಕರೆ ಅದು ಲಿನಕ್ಸ್ ಯಂತ್ರ ಎಂದೇ ಲೆಕ್ಕ ಹಾಕಿ ಕೊಳ್ಳಬೇಕು.

ಮದರ್‌ಬೋರ್ಡ್

ಎಚ್610 ಎಂಬುದು 12100ರ ಸಾಲಿಗೆ ಇಂಟೆಲ್ ಕೊಟ್ಟ ಅತ್ಯಂತ ಕೆಳಗಿನ ಚಿಪ್‌ಸೆಟ್ (ಬೋರ್ಡಿನ ಸಂಪರ್ಕಗಳನ್ನು ನಡೆಸುವ ಚಿಪ್). ಐ3ಗೆ ಅಷ್ಟೇ ಸಾಕು. ಒಂದೇ ಹೆಸರಿನ ಬೋರ್ಡ್ ಡಿಡಿಆರ್4 ಮತ್ತು ಡಿಡಿಆರ್5 (ರ‍್ಯಾಮ್‌ನ ಎರಡು ಪೀಳಿಗೆ) ಎರಡೂ ಬಗೆಯಲ್ಲಿ ಬರುವುದುಂಟು. ಹೆಸರಿನ ಬಾಲದಲ್ಲಿ ‘ಡಿ4’ ಇದೆಯೇ ಎಂದು ನೋಡಿ, ಅದನ್ನೂ ನಂಬದೆ ವಿವರಪಟ್ಟಿ ತೆರೆಯಬೇಕು. ಸ್ಟಿಕ್‌ನ ಕಚ್ಚು ಎರಡರಲ್ಲಿ ಬೇರೆ ಬೇರೆ ಕಡೆ ಇರುವುದರಿಂದ ಒಂದರದ್ದು ಇನ್ನೊಂದರಲ್ಲಿ ಕೂರುವುದೇ ಇಲ್ಲ. ಒತ್ತಿದರೆ ಮುರಿಯುತ್ತದೆ, ಅಷ್ಟೇ.

ವಿವರಪಟ್ಟಿಯಲ್ಲಿ ಮೂರು ಸಾಲು ಹುಡುಕಿ ಓದಬೇಕು. ಮೊದಲನೆಯದು ಎಚ್‌ಡಿಎಂಐ. ಕೆಲವು ಎಚ್610 ಬೋರ್ಡ್‌ಗಳಲ್ಲಿ ಇರುವುದು ಎಚ್‌ಡಿಎಂಐ 1.4, ಅದರಲ್ಲಿ 4ಕೆ ಪರದೆ 30 ಹರ್ಟ್ಸ್‌ಗೆ ನಿಲ್ಲುತ್ತದೆ, ಮೌಸ್ ಎಳೆದಾಗಲೇ ಕಣ್ಣಿಗೆ ಕುಟುಕುತ್ತದೆ. 1080ಪಿ ಪರದೆಗೆ ಏನೂ ತೊಂದರೆ ಇಲ್ಲ. ಎರಡನೆಯದು ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್. ಎಚ್610ರಲ್ಲಿ ಅದು ಚಿಪ್‌ಸೆಟ್‌ನಿಂದ ಬರುವ ಪಿಸಿಐಇ 3.0. ನಾಲ್ಕು ಲೇನ್ ಇದ್ದರೆ ಸೆಕೆಂಡಿಗೆ ಸುಮಾರು 3500 ಎಂಬಿ ಸಿಗುತ್ತದೆ. ಎರಡೇ ಲೇನ್ ಕೊಟ್ಟಿದ್ದರೆ ಅದರ ಅರ್ಧ. ಹಾಗಾಗಿ ಈ ಬೋರ್ಡಿಗೆ ದುಬಾರಿ ಜೆನ್4 (ಪಿಸಿಐಇ 4.0) ಎಸ್‌ಎಸ್‌ಡಿ ಹಾಕುವುದು ದಂಡ. ಹಾಕಿದರೆ ಓಡುತ್ತದೆ, ಆದರೆ ಜೆನ್3 ವೇಗದಲ್ಲೇ. ಮೂರನೆಯದು ವೈಫೈ. ಬೋರ್ಡಿನಲ್ಲಿ ಇ-ಕೀ (ವೈಫೈ ಕಾರ್ಡಿಗೆಂದು ಇರುವ ಪುಟ್ಟ) ಸ್ಲಾಟ್ ಇದ್ದರೆ ಸಣ್ಣ ಕಾರ್ಡ್ ಸಾಕು. ಇಂಟೆಲ್ ಎಎಕ್ಸ್201ರಂಥವು ಇಂಟೆಲ್‌ನ ಸಿಎನ್‌ವಿಐ (ವೈಫೈ ಕೆಲಸದ ಒಂದು ಪಾಲು ಇಂಟೆಲ್ ಚಿಪ್‌ನಲ್ಲೇ ನಡೆಯುವ ಏರ್ಪಾಡು) ಇರುವ ಬೋರ್ಡ್‌ಗಳಲ್ಲಿ ಮಾತ್ರ ಓಡುತ್ತವೆ. ಎಎಕ್ಸ್210 ಸಾಮಾನ್ಯ ಪಿಸಿಐಇ ಕಾರ್ಡ್, ನಾಳೆ ಬೇರೆ ಬೋರ್ಡಿಗೂ ಹಾಕಬಹುದು.

ರ‍್ಯಾಮ್

ಎಚ್610ರಲ್ಲಿ ಇರುವುದು ಎರಡೇ ಸ್ಲಾಟ್. ‘ಈಗ 8 ಜಿಬಿ ಹಾಕೋಣ, ಆಮೇಲೆ ನೋಡೋಣ’ ಎಂಬ ಮಾತು ಬೇಡ. ವಿಂಡೋಸ್ ಮತ್ತು ಬ್ರೌಸರ್ ಸೇರಿಯೇ 8 ಜಿಬಿ ನುಂಗುತ್ತವೆ. ಗ್ರಾಫಿಕ್ಸ್‌ಗೂ ಇದರಲ್ಲೇ ಪಾಲು ಹೋಗುತ್ತದೆ. 16 ಜಿಬಿ ಕನಿಷ್ಠ.

ಒಂದು 16ರ ಬದಲು ಎರಡು 8 ಯಾಕೆ? ಡಿಡಿಆರ್4-3200ರ ಒಂದು ಚಾನಲ್ ಸೆಕೆಂಡಿಗೆ 3200 ದಶಲಕ್ಷ ಬಾರಿ, ಪ್ರತಿ ಸಲ 8 ಬೈಟ್ ಸಾಗಿಸುತ್ತದೆ: 25.6 ಜಿಬಿ. ಎರಡು ಸ್ಟಿಕ್ ಎರಡು ಚಾನಲ್‌ನಲ್ಲಿದ್ದರೆ 51.2. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲದ ಕಾರಣ ಈ ದಾರಿಯೇ ಅದರ ಜೀವಾಳ. 5600ಜಿಯಲ್ಲಂತೂ ಒಂಟಿ ಸ್ಟಿಕ್ ಹಾಕುವುದೆಂದರೆ ಹಣ ಕೊಟ್ಟ ಗ್ರಾಫಿಕ್ಸ್‌ನ ಕತ್ತು ಹಿಸುಕಿದಂತೆ. 12100ದಲ್ಲಿ ಬರೀ ಪತ್ರ, ಬ್ರೌಸರ್ ಎಂದರೆ ವ್ಯತ್ಯಾಸ ಅಷ್ಟು ಕಾಣದು. ಮುಂದೆ 32 ಜಿಬಿ ಬೇಕೇ ಬೇಕು ಎನ್ನುವವರು ಒಂದು 16 ಹಾಕಿ ಇನ್ನೊಂದು ಸ್ಲಾಟ್ ಖಾಲಿ ಬಿಡುವುದಕ್ಕೆ ಅರ್ಥವಿದೆ. ಉಳಿದವರಿಗೆ ಎರಡು 8, ಒಂದೇ ಪೆಟ್ಟಿಗೆಯಲ್ಲಿ ಬಂದ ಜೋಡಿ.

12100ದ ಡಿಡಿಆರ್4 ಮಿತಿ 3200. ಎಚ್610ರಲ್ಲಿ ಅದನ್ನು ಮೀರಿ ಓಡಿಸಲು ಬರುವುದಿಲ್ಲ. 3600ರ ಸ್ಟಿಕ್ ಇಲ್ಲಿ ವ್ಯರ್ಥ. 1.2 ವೋಲ್ಟ್‌ನ, ಸಿಎಲ್22 ಎಂದು ಬರೆದ ಸಾದಾ 3200 ಸ್ಟಿಕ್ ಕೊಂಡರೆ ಬಯೋಸ್‌ನಲ್ಲಿ ಏನೂ ಮುಟ್ಟದೆ ಪೂರ್ತಿ ವೇಗ ಸಿಗುತ್ತದೆ. 1.35 ವೋಲ್ಟ್‌ನ ಸಿಎಲ್16 ಸ್ಟಿಕ್‌ಗಳು ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್‌ನ ಪೂರ್ತಿ ವೇಗದ ಸಿದ್ಧ ಹೊಂದಾಣಿಕೆ) ಆನ್ ಮಾಡುವವರೆಗೆ 2133 ಅಥವಾ 2400ರಂಥ ಕಡಿಮೆ ವೇಗದಲ್ಲೇ ಓಡುತ್ತಿರುತ್ತವೆ, ಯಾರಿಗೂ ಗೊತ್ತಾಗದಂತೆ.

ಎಸ್‌ಎಸ್‌ಡಿ

ಎಂ.2 ಎನ್ನುವುದು ಆಕಾರದ ಹೆಸರು. ಒಳಗೆ ಹಳೆಯ, ನಿಧಾನದ ಸಾಟಾ ಸಂಪರ್ಕ ಇರಬಹುದು, ಪಿಸಿಐಇ ಮೇಲೆ ಓಡುವ ವೇಗದ ಎನ್‌ವಿಎಂಇ ಇರಬಹುದು. ಸಾಟಾ ಎಂದರೆ ಸೆಕೆಂಡಿಗೆ 550 ಎಂಬಿ ಆಸುಪಾಸು. ಕೆಲವು ಬೋರ್ಡ್‌ಗಳ ಎಂ.2 ಸ್ಲಾಟ್ ಸಾಟಾ ಕಡ್ಡಿಯನ್ನು ಗುರುತಿಸುವುದೂ ಇಲ್ಲ. ಬೆಲೆ ಹೆಚ್ಚುಕಡಿಮೆ ಒಂದೇ ಇರುವಾಗ ಎನ್‌ವಿಎಂಇ, 2280 ಅಳತೆಯದ್ದು (22 ಮಿಮೀ ಅಗಲ, 80 ಮಿಮೀ ಉದ್ದ) ಎಂದು ಖಚಿತ ಮಾಡಿಕೊಂಡರಾಯಿತು.

ಮುಖ್ಯವಾದದ್ದು ಟಿಎಲ್‌ಸಿಯೋ (ಒಂದು ಕೋಶದಲ್ಲಿ ಮೂರು ಬಿಟ್) ಕ್ಯುಎಲ್‌ಸಿಯೋ (ನಾಲ್ಕು ಬಿಟ್) ಎಂಬುದು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವೇಗ ಎರಡರಲ್ಲೂ ಒಂದೇ ಥರ ಕಾಣುತ್ತದೆ. ಅದು ಎಸ್‌ಎಲ್‌ಸಿ ಕ್ಯಾಶ್‌ನ, ಅಂದರೆ ಬರೆದದ್ದು ಮೊದಲು ಬೀಳುವ ತಾತ್ಕಾಲಿಕ ಜಾಗದ ವೇಗ. ದೊಡ್ಡ ಫೋಟೊ ಸಂಗ್ರಹವನ್ನು ಒಮ್ಮೆಗೇ ಸುರಿದಾಗ ಕ್ಯಾಶ್ ತುಂಬುತ್ತದೆ. ಆಗ ಟಿಎಲ್‌ಸಿ ನಿಧಾನವಾದರೂ ಉಸಿರಾಡುತ್ತಿರುತ್ತದೆ. ಕ್ಯುಎಲ್‌ಸಿಯ ವೇಗ ಹಳೆಯ ಹಾರ್ಡ್‌ಡಿಸ್ಕ್ ಮಟ್ಟಕ್ಕೆ ಇಳಿಯಬಹುದು. ಡಿಸ್ಕ್ ತುಂಬಿದಷ್ಟೂ ಕ್ಯಾಶ್ ಕುಗ್ಗುತ್ತದೆ, ಆದ್ದರಿಂದ ಐದರಲ್ಲೊಂದು ಪಾಲು ಖಾಲಿ ಬಿಡುವುದು ಒಳ್ಳೆಯದು. ತನ್ನದೇ ಡಿರ‍್ಯಾಮ್ (ಒಳಗಿನ ಪುಟ್ಟ ಮೆಮೊರಿ) ಇಲ್ಲದ ಎಸ್‌ಎಸ್‌ಡಿಗೆ ಹೆದರಬೇಕಿಲ್ಲ. ಎನ್‌ವಿಎಂಇಯಲ್ಲಿ ಎಚ್‌ಎಂಬಿ ಎಂಬ ವ್ಯವಸ್ಥೆ ಕಂಪ್ಯೂಟರಿನ ರ‍್ಯಾಮ್‌ನಿಂದ ಕೆಲವು ಎಂಬಿ ಕಡ ಪಡೆದು ಕೆಲಸ ಸಾಗಿಸುತ್ತದೆ.

ಬಾಳಿಕೆಯ ಅಂಕಿ ನೋಡಿ ಗಾಬರಿಯಾಗುವುದೂ ಬೇಡ. 300 ಟಿಬಿಡಬ್ಲ್ಯು (ಒಟ್ಟು ಬರೆಯಬಹುದಾದ ಟಿಬಿ) ಎಂದಿದ್ದರೆ, ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ, ಆ ಲೆಕ್ಕ ಮುಗಿಯಲು 41 ವರ್ಷ ಬೇಕು. ಅಷ್ಟರೊಳಗೆ ಕಂಟ್ರೋಲರ್ ಹೋಗಬಹುದು, ವಿದ್ಯುತ್ ಏರಿಳಿತಕ್ಕೆ ಸುಡಬಹುದು. ಅದಕ್ಕೆ ಮದ್ದು ಬ್ಯಾಕಪ್ ಮಾತ್ರ.

ಪವರ್ ಸಪ್ಲೈ

ಲೆಕ್ಕದಿಂದ ಶುರು ಮಾಡೋಣ. 12100ದ ಗರಿಷ್ಠ ಟರ್ಬೊ ಮಿತಿ 89 ವ್ಯಾಟ್. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್, ಯುಎಸ್‌ಬಿ ಸಾಧನಗಳಿಗೆ ಧಾರಾಳವಾಗಿ 40 ಇಟ್ಟುಕೊಂಡರೆ ಒಟ್ಟು 130 ವ್ಯಾಟ್ ಸುತ್ತಮುತ್ತ. ಹಾಗಾದರೆ 450 ಯಾಕೆ? ಸರಿಯಾಗಿ ಮಾಡಿದ ಎಟಿಎಕ್ಸ್ ಪವರ್ ಸಪ್ಲೈ ಸುಲಭವಾಗಿ ಸಿಗಲು ಶುರುವಾಗುವುದೇ ಸುಮಾರು ಅಲ್ಲಿಂದ. ಮುಂದೊಂದು ದಿನ ಸಣ್ಣ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಬದಲಿಸುವ ಅಗತ್ಯ ಬೀಳದು. 750 ವ್ಯಾಟ್ ಕೊಂಡರೆ ಹಣ ಹೋದದ್ದಷ್ಟೇ ಲಾಭ.

ಈಗ ಪಕ್ಕದ ಲೇಬಲ್ ಓದಬೇಕು. ದೊಡ್ಡಕ್ಷರದ ವ್ಯಾಟ್ ಬಿಟ್ಟು +12 ವೋಲ್ಟ್ ಕಾಲಂಗೆ ಹೋಗಿ. ಅಲ್ಲಿ 36 ಆಂಪಿಯರ್ ಎಂದಿದ್ದರೆ 12 ಗುಣಿಸು 36, ಅಂದರೆ 432 ವ್ಯಾಟ್. 450ರಲ್ಲಿ ಬಹುತೇಕ ಅಷ್ಟೂ 12 ವೋಲ್ಟ್‌ನಲ್ಲೇ ಸಿಗುತ್ತದೆ. ಇದು ಈ ಕಾಲದ ವಿನ್ಯಾಸ. ಅದೇ 450 ಎಂದು ಬರೆದ ಇನ್ನೊಂದರಲ್ಲಿ +12 ವೋಲ್ಟ್‌ಗೆ 18 ಆಂಪಿಯರ್ ಮಾತ್ರ ಇದ್ದು, 5 ಮತ್ತು 3.3 ವೋಲ್ಟ್ ಕಾಲಂಗಳಲ್ಲಿ ದಪ್ಪ ದಪ್ಪ ಅಂಕಿ ಕಂಡರೆ, ನಿಜವಾಗಿ ಕೈಗೆ ಬರುವುದು 216 ವ್ಯಾಟ್. ಈಗಿನ ಪ್ರೊಸೆಸರ್, ಕಾರ್ಡ್ ಎಲ್ಲವೂ ಎಳೆಯುವುದು 12 ವೋಲ್ಟ್‌ನಿಂದ. 5 ವೋಲ್ಟ್‌ನ ದೊಡ್ಡ ಅಂಕಿ ಯಾರಿಗೂ ಬೇಡದ ಸರಕು. 12ವಿ1, 12ವಿ2 ಎಂದು ಎರಡು ಸಾಲು ಇದ್ದರೆ ಎರಡರ ಆಂಪಿಯರ್ ಕೂಡಿಸಬಾರದು. ಕೆಳಗೆ ಬರೆದ ಒಟ್ಟು ವ್ಯಾಟ್ ಮಾತ್ರ ಲೆಕ್ಕಕ್ಕೆ.

ಹಿಂಭಾಗದಲ್ಲಿ 115/230 ಎಂಬ ಕೆಂಪು ಜಾರುಗುಂಡಿ ಇದೆಯೇ ನೋಡಿ. ಇದ್ದರೆ ಅದು ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಸಮವಾಗಿ ಎಳೆಯುವ ಸರ್ಕ್ಯೂಟ್) ಇಲ್ಲದ ಹಳೆಯ ವಿನ್ಯಾಸ, ಬಿಟ್ಟುಬಿಡಿ. 230 ವೋಲ್ಟ್ ಇರುವ ಕಡೆ ಆ ಗುಂಡಿ 115ರಲ್ಲಿ ಉಳಿದು ಸ್ವಿಚ್ ಹಾಕಿದರೆ ಒಳಗಿನ ಕೆಪ್ಯಾಸಿಟರ್ ಸಿಡಿಯಬಹುದು. 100ರಿಂದ 240 ವೋಲ್ಟ್ ಎಂದು ನೇರ ಬರೆದದ್ದು ಬೇಕು. 80 ಪ್ಲಸ್ ಬ್ರಾಂಜ್ ಎಂದರೆ 115 ವೋಲ್ಟ್ ಪರೀಕ್ಷೆಯಲ್ಲಿ 20, 50, 100 ಶೇಕಡಾ ಲೋಡ್‌ಗೆ ಕ್ರಮವಾಗಿ 82, 85, 82 ಶೇಕಡಾ ದಕ್ಷತೆ. ಅದು ಅಳೆಯುವುದು ದಕ್ಷತೆಯನ್ನು, ಸುರಕ್ಷತೆಯನ್ನಲ್ಲ. ಆದ್ದರಿಂದ ಒವಿಪಿ (ಅತಿ ವೋಲ್ಟೇಜ್), ಯುವಿಪಿ (ಕಡಿಮೆ ವೋಲ್ಟೇಜ್), ಒಪಿಪಿ (ಅತಿ ಲೋಡ್), ಎಸ್‌ಸಿಪಿ (ಶಾರ್ಟ್), ಸಾಧ್ಯವಾದರೆ ಒಟಿಪಿ (ಅತಿ ತಾಪ) ಈ ರಕ್ಷಣೆಗಳೂ ವಿವರಪಟ್ಟಿಯಲ್ಲಿ ಇರಬೇಕು.

ಯುಪಿಎಸ್ ಇರುವವರಿಗೆ ಇನ್ನೊಂದು ಮಾತು. ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿಗೆ ಹೊರಳುವ ಕೆಲವು ಮಿಲಿಸೆಕೆಂಡ್ ಪವರ್ ಸಪ್ಲೈ ತನ್ನ ಕೆಪ್ಯಾಸಿಟರ್‌ನಲ್ಲಿರುವ ಶಕ್ತಿಯಿಂದಲೇ ಬದುಕಬೇಕು. ಎಟಿಎಕ್ಸ್ ಮಾರ್ಗಸೂಚಿ ಕೇಳುವುದು ಸುಮಾರು 16-17 ಮಿಲಿಸೆಕೆಂಡ್. ಕೆಪ್ಯಾಸಿಟರ್ ಕಡಿತ ಮಾಡಿದ ಅಗ್ಗದ ಘಟಕಗಳು ಅಷ್ಟು ತಡೆಯುವುದಿಲ್ಲ. ಯುಪಿಎಸ್ ಚೆನ್ನಾಗಿದ್ದರೂ ಕಂಪ್ಯೂಟರ್ ಪಟ್ಟನೆ ಆರುತ್ತದೆ, ಬೈಗುಳ ಯುಪಿಎಸ್‌ಗೆ ಬೀಳುತ್ತದೆ.

ಕ್ಯಾಬಿನೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಕ್ರೊ ಎಟಿಎಕ್ಸ್ ಬೋರ್ಡ್ 244 ಮಿಮೀ ಚೌಕದವರೆಗೆ ಇರುತ್ತದೆ, ಅದು ಕೂರಬೇಕು. ಮುಂದೆ ಗಾಜಿನ ಬದಲು ಜಾಲರಿ ಇರಬೇಕು. 120 ಮಿಮೀ ಫ್ಯಾನ್ ಒಂದಾದರೂ ಇರಬೇಕು. ಬಣ್ಣದ ದೀಪಕ್ಕೆ ಕೊಡುವ ಹಣ ಎಸ್‌ಎಸ್‌ಡಿಗೆ ಹೋಗಲಿ.

ಜೋಡಣೆ

ಪ್ರೊಸೆಸರ್, ಕೂಲರ್, ರ‍್ಯಾಮ್, ಎಂ.2 ಈ ನಾಲ್ಕನ್ನೂ ಬೋರ್ಡ್ ಹೊರಗಿರುವಾಗಲೇ ಕೂರಿಸಿ. ಬೋರ್ಡನ್ನು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಡಿ, ಬೆಳ್ಳಿಬಣ್ಣದ ಆಂಟಿಸ್ಟಾಟಿಕ್ ಚೀಲದ ಮೇಲಲ್ಲ. ಆ ಚೀಲದ ಹೊರಮೈ ಸ್ವಲ್ಪ ವಿದ್ಯುತ್ ಹರಿಸಬಲ್ಲದು.

12100 ಕೂರುವ ಎಲ್‌ಜಿಎ1700 ಬಗೆಯಲ್ಲಿ ಪಿನ್‌ಗಳಿರುವುದು ಸಾಕೆಟ್‌ನಲ್ಲಿ. ಪ್ರೊಸೆಸರ್‌ನ ಮೂಲೆಯ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ, ಅಂಚು ಹಿಡಿದು ನೇರ ಇಳಿಸಿ, ಒತ್ತಬೇಡಿ, ಜಾರಿಸಬೇಡಿ. ಲಿವರ್ ಮುಚ್ಚುವಾಗ ಕಪ್ಪು ಮುಚ್ಚಳ ತಾನೇ ಹಾರುತ್ತದೆ. ಲಿವರ್ ಗಟ್ಟಿ ಇರುವುದು ಸಹಜ. ಮುಚ್ಚಳ ಎಸೆಯಬೇಡಿ, ವಾರಂಟಿಗೆ ಬೋರ್ಡ್ ಕಳಿಸುವಾಗ ಅದು ಬೇಕು.

ಕೂಲರ್ ಹತ್ತಿರ ನಿಧಾನಿಸಬೇಕು, ಹೆಚ್ಚಿನ ತಾಪದ ದೂರುಗಳ ಮೂಲ ಇಲ್ಲಿದೆ. ಪ್ರೊಸೆಸರ್ ಪೆಟ್ಟಿಗೆಯ ಜೊತೆ ಬರುವ ಕೂಲರ್‌ನಲ್ಲಿ ನಾಲ್ಕು ಪುಶ್‌ಪಿನ್ ಇರುತ್ತವೆ. ಪ್ರತಿ ಪಿನ್ ತಲೆಯ ಮೇಲಿನ ಬಾಣ ತೋರಿಸುವುದು ಬಿಚ್ಚುವ ದಿಕ್ಕನ್ನು. ಹಾಕುವ ಮೊದಲು ನಾಲ್ಕನ್ನೂ ಬಾಣಕ್ಕೆ ವಿರುದ್ಧವಾಗಿ ಕೊನೆಯವರೆಗೆ ತಿರುಗಿಸಿ. ನಾಲ್ಕು ಕಾಲೂ ರಂಧ್ರಕ್ಕೆ ಸರಿಯಾಗಿ ಬಂದಿವೆಯೇ ನೋಡಿ, ಮೂಲೆಯಿಂದ ಮೂಲೆಗೆ ಎದುರುಬದಿರು ಇರುವ ಎರಡನ್ನು ಒಟ್ಟಿಗೇ ಒತ್ತಿ. ‘ಟಕ್’ ಸದ್ದು ಬರಬೇಕು. ಆಮೇಲೆ ಉಳಿದೆರಡು. ಬೋರ್ಡನ್ನು ಎತ್ತಿ ಕೆಳಗಿಂದ ನೋಡಿ: ನಾಲ್ಕೂ ರಂಧ್ರಗಳಲ್ಲಿ ಬಿಳಿ ಕಾಲು ಪೂರ್ತಿ ಹೊರಬಂದು, ನಡುವಿನ ಕಪ್ಪು ಕಡ್ಡಿ ಅದನ್ನು ಅಗಲಿಸಿ ನಿಂತಿರಬೇಕು. ಒಂದು ಕಾಲು ಅರ್ಧ ಕೂತಿದ್ದರೂ ಕೂಲರ್ ಒಂದು ಮೂಲೆಯಲ್ಲಿ ಎದ್ದಿರುತ್ತದೆ, ತಾಪ ಸಾಗಿಸುವ ಪೇಸ್ಟ್ ಅಲ್ಲಿ ಮುಟ್ಟುವುದಿಲ್ಲ. ಹಳೆಯ ಎಲ್‌ಜಿಎ1151 ಅಥವಾ 1200ರ ಕೂಲರ್ ಇಲ್ಲಿ ಕೂರದು. ಅವುಗಳ ರಂಧ್ರದ ಅಂತರ 75 ಮಿಮೀ, ಇದರದ್ದು 78. ಕೂಲರ್ ತಳದಲ್ಲಿ ಪೇಸ್ಟ್ ಮೊದಲೇ ಹಚ್ಚಿರುತ್ತದೆ. ಒಮ್ಮೆ ಕೂರಿಸಿ ಎತ್ತಿದರೆ ಅದನ್ನು ಒರೆಸಿ ಹೊಸದು ಹಾಕಬೇಕು, ಬಟಾಣಿಯಷ್ಟು ನಡುವೆ ಇಟ್ಟರೆ ಸಾಕು.

ಎಂ.2 ಕಡ್ಡಿಯನ್ನು ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಿ, ಮಲಗಿಸಿ, ಸ್ಕ್ರೂ ಹಾಕಿ. ಆ ಪುಟ್ಟ ಸ್ಕ್ರೂ ಬೋರ್ಡಿನ ಪೆಟ್ಟಿಗೆಯಲ್ಲಿ ಬೆರಳಿನ ಉಗುರಿನಷ್ಟು ಚಿಕ್ಕ ಚೀಲದಲ್ಲಿರುತ್ತದೆ, ಕಸದ ಜೊತೆ ಹೋಗುವುದು ಅದೇ.

ಕ್ಯಾಬಿನೆಟ್‌ನಲ್ಲಿ ಹಿತ್ತಾಳೆಯ ನಿಲುಗಂಬಗಳನ್ನು ಬೋರ್ಡಿನ ರಂಧ್ರಗಳ ಜೊತೆ ಒಂದೊಂದಾಗಿ ತಾಳೆ ನೋಡಿ. ರಂಧ್ರವಿಲ್ಲದ ಕಡೆ ಒಂದು ನಿಲುಗಂಬ ಉಳಿದರೆ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ಹಿಂಬದಿಯ ತಗಡಿನ ಫಲಕವನ್ನು ಬೋರ್ಡಿಗಿಂತ ಮೊದಲೇ ಕೂರಿಸಬೇಕು. 24 ಪಿನ್‌ನ ದೊಡ್ಡ ಕನೆಕ್ಟರ್ ಜೊತೆ ಪ್ರೊಸೆಸರ್ ಪಕ್ಕದ 8 ಪಿನ್ ಅನ್ನೂ ಹಾಕಿ; ಅದು ನಡುವೆ 4+4 ಎಂದು ಸೀಳುತ್ತದೆ. 6+2 ಎಂದು ಸೀಳುವುದು ಗ್ರಾಫಿಕ್ಸ್ ಕಾರ್ಡಿನದ್ದು, ಅದನ್ನು ಇಲ್ಲಿ ತುರುಕಬಾರದು. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಪವರ್ ಸಪ್ಲೈ ಆದರೆ ಬೇರೊಂದರ ಕೇಬಲ್ ಎರವಲು ಬೇಡ. ಘಟಕದ ಕಡೆಯ ಪಿನ್ ಜೋಡಣೆಗೆ ಏಕರೂಪ ನಿಯಮವಿಲ್ಲ. ಕೇಬಲ್ ಕೂರುತ್ತದೆ, ಎಸ್‌ಎಸ್‌ಡಿ ಸುಡುತ್ತದೆ.

ಮುಂಭಾಗದ ಗುಂಡಿಗಳ ಸಣ್ಣ ತಂತಿಗಳು ಸಾಮಾನ್ಯವಾಗಿ 9 ಪಿನ್‌ನ ಗುಂಪಿಗೆ ಹೋಗುತ್ತವೆ. 1 ಮತ್ತು 3 ಡಿಸ್ಕ್ ದೀಪ, 2 ಮತ್ತು 4 ಪವರ್ ದೀಪ, 5 ಮತ್ತು 7 ರಿಸೆಟ್, 6 ಮತ್ತು 8 ಪವರ್ ಗುಂಡಿ. 10ನೆಯ ಜಾಗ ಖಾಲಿ, ದಿಕ್ಕು ಗೊತ್ತಾಗಲು. ದೀಪಕ್ಕೆ ಧನ-ಋಣ ನೋಡಬೇಕು, ಗುಂಡಿಗೆ ಬೇಕಿಲ್ಲ. ಗುಂಡಿಯೇ ಕೆಟ್ಟಿದೆಯೇ ಎಂಬ ಅನುಮಾನ ಬಂದರೆ 6 ಮತ್ತು 8ನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಕಾಲ ಮುಟ್ಟಿಸಿದರೆ ಯಂತ್ರ ಶುರುವಾಗಬೇಕು.

ಮೊದಲ ಬೂಟ್

ಫ್ಯಾನ್ ತಿರುಗಿ ಪರದೆ ಕಪ್ಪಾಗಿದ್ದರೆ ಕ್ರಮವಾಗಿ ನೋಡಿ: 8 ಪಿನ್ ಕೇಬಲ್ ಇದೆಯೇ, ಪರದೆಯ ಇನ್‌ಪುಟ್ ಸರಿಯಿದೆಯೇ, ರ‍್ಯಾಮ್ ಎರಡೂ ತುದಿಯಲ್ಲಿ ಕಚ್ಚಿದೆಯೇ. ರ‍್ಯಾಮ್ ಪೂರ್ತಿ ಕೂರದಿರುವುದೇ ಹೆಚ್ಚು. ಬೋರ್ಡಿನಲ್ಲಿ ಡೀಬಗ್ ದೀಪಗಳಿದ್ದರೆ ಯಾವುದು ಹೊತ್ತಿ ನಿಂತಿದೆ ಎಂಬುದೇ ಉತ್ತರ. ಇಲ್ಲದಿದ್ದರೆ ಒಂದೇ ಸ್ಟಿಕ್ ಇಟ್ಟು, ಸ್ಲಾಟ್ ಬದಲಿಸಿ ನೋಡಿ. ಡಿಡಿಆರ್5 ಬೋರ್ಡ್ ಆಗಿದ್ದರೆ ಮೊದಲ ಸಲ ಮೆಮೊರಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಸತ್ತಿದೆ ಎಂದು ಪ್ಲಗ್ ಕೀಳಬಾರದು.

ಬಯೋಸ್‌ನಲ್ಲಿ ನೋಡಬೇಕಾದದ್ದು ಸ್ವಲ್ಪವೇ. ರ‍್ಯಾಮ್ 3200 ಎಂದು ತೋರಿಸಬೇಕು, ಎರಡೂ ಸ್ಟಿಕ್ ಕಾಣಬೇಕು. ವಿಂಡೋಸ್ 11ಕ್ಕೆ ಇಂಟೆಲ್ ಪಿಟಿಟಿ (ಟಿಪಿಎಂ ಕೆಲಸ ಮಾಡುವ ವ್ಯವಸ್ಥೆ) ಆನ್ ಇರಬೇಕು, ಸಿಎಸ್‌ಎಂ (ಹಳೆಯ ಬಗೆಯ ಬೂಟ್) ಆಫ್ ಇರಬೇಕು. ವಿಂಡೋಸ್ ಅನುಸ್ಥಾಪನೆ ನಡುವೆ ಅಂತರ್ಜಾಲ ಕೇಳುತ್ತದೆ, ಆಗ ಬೋರ್ಡಿನ ಲ್ಯಾನ್ ಡ್ರೈವರ್ ಅದಕ್ಕೆ ಗೊತ್ತಿರದಿದ್ದರೆ ಅಲ್ಲೇ ನಿಲ್ಲುತ್ತದೆ. ಡ್ರೈವರ್ ಅನ್ನು ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿ.

ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ವಿಂಡೋಸ್ ಹಾಕುವ ಮೊದಲೇ ರಾತ್ರಿಯಿಡೀ ಓಡಿಸುವುದು ಒಳ್ಳೆಯದು. ಉಚಿತ ಆವೃತ್ತಿ ನಾಲ್ಕು ಸುತ್ತು ಮಾಡುತ್ತದೆ. ಒಂದೇ ಒಂದು ದೋಷ ಬಂದರೂ ಸ್ಟಿಕ್ ವಾಪಸ್. ‘ಒಂದು ತಾನೆ’ ಎಂದು ಬಿಟ್ಟರೆ ಅದು ಆರು ತಿಂಗಳ ಮೇಲೆ ಕೆಟ್ಟ ಫೋಟೊ ಫೈಲುಗಳಾಗಿ ಕಾಣಿಸಿಕೊಳ್ಳುತ್ತದೆ. ನಂತರ ತಾಪ ತೋರಿಸುವ ಎಚ್‌ಡಬ್ಲ್ಯುಇನ್ಫೊ ತೆರೆದಿಟ್ಟು ಎಲ್ಲ ಕೋರ್‌ಗೂ ಅರ್ಧ ಗಂಟೆ ಕೆಲಸ ಕೊಡಿ. 12100 ತನ್ನ ವೇಗ ತಾನೇ ಇಳಿಸಿಕೊಳ್ಳುವುದು 100 ಡಿಗ್ರಿಗೆ. ಶುರುವಾದ ಒಂದೆರಡು ನಿಮಿಷದಲ್ಲೇ 90 ದಾಟಿದರೆ ಪುಶ್‌ಪಿನ್ ಮತ್ತೆ ನೋಡಬೇಕು. ಡಿಸ್ಕ್ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಎಸ್‌ಎಸ್‌ಡಿಯ ಪವರ್-ಆನ್ ಗಂಟೆಗಳನ್ನು ನೋಡಿ. ಹೊಸದೆಂದು ಕೊಟ್ಟದ್ದರಲ್ಲಿ ನೂರಾರು ಗಂಟೆ ಕಂಡರೆ ಅದು ಹೊಸದಲ್ಲ. ಅಲ್ಲೇ ಲಿಂಕ್ ವೇಗವೂ ಇರುತ್ತದೆ, ನಾಲ್ಕು ಲೇನ್ ಜೆನ್3 ಎಂದು ಬರಬೇಕು.

ಈ ಪರೀಕ್ಷೆಗಳೆಲ್ಲ ವಾಪಸು ಕೊಡುವ ಅವಧಿಯೊಳಗೇ ಮುಗಿಯಬೇಕು. ಅಲ್ಲಿಯವರೆಗೆ ಪೆಟ್ಟಿಗೆಗಳು, ಚೀಲಗಳು ಇರಲಿ, ಪ್ರತಿ ಭಾಗದ ಸೀರಿಯಲ್ ನಂಬರ್‌ನ ಫೋಟೊ ಬಿಲ್ಲಿನ ಜೊತೆ ತೆಗೆದಿಡಿ.